ಒಂದೇ ನೆಲ, ಎರಡು ಕಾನೂನು: ಯಹೂದಿಗಳು ಮತ್ತು ಪ್ಯಾಲೆಸ್ತೀನಿಯರು ಒಂದೇ ದೇಶದಲ್ಲಿ ಬಾಳಬಹುದೇ?

ಏರಿಯಲ್ ಮತ್ತು ಸಲ್ಫಿತ್ ಅಕ್ಕಪಕ್ಕದ ಊರುಗಳು. ಎರಡೂ ಇರುವುದು ಜೋರ್ಡಾನ್ ನದಿಯ ಪಶ್ಚಿಮ ದಂಡೆಯಲ್ಲಿ. ಸಲ್ಫಿತ್ ಹಳೆಯ ಪ್ಯಾಲೆಸ್ತೀನಿ ಪಟ್ಟಣ, ಸುತ್ತ ಆಲಿವ್ ತೋಟಗಳು. ಏರಿಯಲ್ ಇಸ್ರೇಲಿಗಳು 1978ರಲ್ಲಿ ಕಟ್ಟಿಕೊಂಡ ವಸಾಹತು. ಈಗ ಅಲ್ಲಿ ಸುಮಾರು 20,000 ಜನ ಇದ್ದಾರೆ, ಒಂದು ವಿಶ್ವವಿದ್ಯಾಲಯವೂ ಇದೆ.

ಈ ಎರಡೂರಿನ ಇಬ್ಬರು ಹುಡುಗರು ರಸ್ತೆಯಲ್ಲಿ ಜಗಳವಾಡಿ ಕಲ್ಲು ತೂರಿಕೊಂಡರು ಅಂತ ಇಟ್ಟುಕೊಳ್ಳಿ. ತಪ್ಪು ಒಂದೇ, ಜಾಗ ಒಂದೇ, ಹೊತ್ತೂ ಒಂದೇ. ಆದರೆ ಏರಿಯಲ್‌ನ ಹುಡುಗನ ವಿಚಾರಣೆ ಇಸ್ರೇಲಿನ ಮಾಮೂಲಿ ನ್ಯಾಯಾಲಯದಲ್ಲಿ ನಡೆಯುತ್ತದೆ. ಸಲ್ಫಿತ್‌ನ ಹುಡುಗ ಸೇನಾ ನ್ಯಾಯಾಲಯದಲ್ಲಿ ಸಮವಸ್ತ್ರ ತೊಟ್ಟ ನ್ಯಾಯಾಧೀಶರ ಮುಂದೆ ನಿಲ್ಲಬೇಕು. ಏರಿಯಲ್‌ನ ಹುಡುಗ ದೊಡ್ಡವನಾದ ಮೇಲೆ ಇಸ್ರೇಲ್ ಸಂಸತ್ತಿಗೆ ಮತ ಹಾಕುತ್ತಾನೆ. ಸಲ್ಫಿತ್‌ನವನಿಗೆ ಆ ಹಕ್ಕಿಲ್ಲ. ಅವನ ಊರಿನ ರಸ್ತೆ, ಗಡಿ, ಪ್ರಯಾಣ ಎಲ್ಲದರ ಬಗ್ಗೆ ಕೊನೆಯ ತೀರ್ಮಾನ ಮಾಡುವುದು ಮಾತ್ರ ಅದೇ ಸಂಸತ್ತು ಆರಿಸಿದ ಸರ್ಕಾರ. ಪ್ಯಾಲೆಸ್ತೀನಿಯರ ಊರುಗಳನ್ನು ಸೀಮಿತ ಅಧಿಕಾರದಲ್ಲಿ ನಡೆಸುವ ಪ್ಯಾಲೆಸ್ತೀನಿ ಆಡಳಿತಕ್ಕೆ ಅಧ್ಯಕ್ಷೀಯ ಚುನಾವಣೆ ನಡೆದದ್ದು 2005ರಲ್ಲಿ, ಶಾಸನಸಭೆಗೆ 2006ರಲ್ಲಿ. ಆಮೇಲೆ ನಡೆದೇ ಇಲ್ಲ.

ಇದು ಹೇಗೆ ಸಾಧ್ಯವಾಯಿತು? ಇದರ ಹಿಂದೆ ಒಂದು ತುರ್ತು ನಿಯಮಾವಳಿ ಇದೆ. 1967ರ ಯುದ್ಧದಲ್ಲಿ ಪಶ್ಚಿಮ ದಂಡೆ ಇಸ್ರೇಲಿನ ಕೈಸೇರಿದ ಮೇಲೆ ಬಂದದ್ದು. ಅಲ್ಲಿ ಇರುವ ಇಸ್ರೇಲಿಗಳಿಗೆ ಇಸ್ರೇಲಿನ ಕಾನೂನೇ ಅನ್ವಯಿಸುವಂತೆ ಮಾಡುವ ನಿಯಮ ಇದು. ಸಾಮಾನ್ಯವಾಗಿ ಐದೈದು ವರ್ಷಕ್ಕೊಮ್ಮೆ ಸಂಸತ್ತು ಇದನ್ನು ಮುಂದುವರಿಸುತ್ತಾ ಬಂದಿದೆ. 2022ರ ಜೂನ್‌ನಲ್ಲಿ ಮಾತ್ರ ಮೊದಲ ಸಲ ಮತದಾನದಲ್ಲಿ ಸೋಲಾಯಿತು, 58ಕ್ಕೆ 52. ಆಗಿನ ಸರ್ಕಾರವನ್ನು ಬೀಳಿಸಬೇಕು ಅಂತ, ವಸಾಹತುಗಳ ಪರ ಇರುವ ವಿರೋಧ ಪಕ್ಷಗಳೇ ವಿರುದ್ಧ ಮತ ಹಾಕಿದ್ದವು. ಸರ್ಕಾರ ಸಂಸತ್ತನ್ನೇ ವಿಸರ್ಜಿಸಿತು. ವಿಸರ್ಜನೆಯಾದರೆ ನಿಯಮ ತಾನಾಗಿಯೇ ಕೆಲವು ತಿಂಗಳು ಮುಂದುವರಿಯುತ್ತದೆ, ಹಾಗಾಗಿ ಅದು ಉಳಿದುಕೊಂಡಿತು. 2023ರ ಜನವರಿಯಲ್ಲಿ ಹೊಸ ಸರ್ಕಾರ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು.

ಇಷ್ಟು ವಿವರವಾಗಿ ಹೇಳಲು ಕಾರಣ ಇದೆ. 'ಇವರಿಬ್ಬರೂ ಒಂದೇ ದೇಶದಲ್ಲಿ ಬಾಳಲು ಆಗುತ್ತದೆಯೇ' ಅಂತ ಕೇಳುವಾಗ, ಈಗ ಅಲ್ಲಿ ಎರಡು ದೇಶ ಇದೆ ಅಂತ ನಾವು ಅಂದುಕೊಂಡಿರುತ್ತೇವೆ. ವಿಶ್ವಸಂಸ್ಥೆಯ ಹೆಚ್ಚಿನ ಸದಸ್ಯ ರಾಷ್ಟ್ರಗಳು ಪ್ಯಾಲೆಸ್ತೀನನ್ನು ದೇಶ ಅಂತ ಒಪ್ಪಿಕೊಂಡಿವೆ ನಿಜ. 2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಕೆನಡಾ, ಆಸ್ಟ್ರೇಲಿಯಾ ಕೂಡ ಆ ಸಾಲಿಗೆ ಸೇರಿದವು. ಆದರೆ ಆ ನೆಲದ ಮೇಲೆ ನಿಂತು ನೋಡಿದರೆ ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಮೇಲುಗೈ ಇರುವುದು ಒಂದೇ ಸೇನೆಗೆ. ನಾಣ್ಯವೂ ಒಂದೇ, ಶೆಕೆಲ್. ಅಲ್ಲಿ ಸುಮಾರು ಒಂದೂವರೆ ಕೋಟಿ ಜನ ಇದ್ದಾರೆ. ಯಹೂದಿಗಳು ಹೆಚ್ಚುಕಡಿಮೆ ಅರ್ಧ, ಪ್ಯಾಲೆಸ್ತೀನಿಯರು ಹೆಚ್ಚುಕಡಿಮೆ ಅರ್ಧ.

ಆ ಅರ್ಧದಲ್ಲೂ ಪ್ಯಾಲೆಸ್ತೀನಿಯರ ಸ್ಥಿತಿ ಒಂದೇ ತರ ಇಲ್ಲ. ಇಸ್ರೇಲಿನ ಒಳಗಿರುವವರು ಪ್ರಜೆಗಳು, ಅವರಿಗೆ ಮತದ ಹಕ್ಕಿದೆ. ಪೂರ್ವ ಜೆರುಸಲೇಮಿನವರಲ್ಲಿ ಹೆಚ್ಚಿನವರು ಬರೀ 'ಕಾಯಂ ನಿವಾಸಿಗಳು'. ಅವರು ನಗರಸಭೆಗೆ ಮತ ಹಾಕಬಹುದು, ಸಂಸತ್ತಿಗೆ ಹಾಕುವಂತಿಲ್ಲ. ಓದಿಗೋ ಕೆಲಸಕ್ಕೋ ಕೆಲವು ವರ್ಷ ಹೊರಗೆ ಹೋದರೆ, ನಿನ್ನ ಬದುಕಿನ ಕೇಂದ್ರ ಇಲ್ಲಿಲ್ಲ ಅಂತ ಹೇಳಿ ಆ ಹಕ್ಕನ್ನೂ ಕಿತ್ತುಕೊಳ್ಳಬಹುದು. 1967ರಿಂದ ಈಚೆಗೆ 14,000ಕ್ಕೂ ಹೆಚ್ಚು ಜನರಿಗೆ ಹಾಗಾಗಿದೆ. ಪಶ್ಚಿಮ ದಂಡೆಯವರ ಕೈಯಲ್ಲಿ ಹಸಿರು ಗುರುತಿನ ಚೀಟಿ, ತಲೆಯ ಮೇಲೆ ಸೇನಾಡಳಿತ. ಗಾಜಾದವರ ಸ್ಥಿತಿ ಹೇಳಲು ಮಾತೇ ಸಾಲದು.

ಹಾಗಾಗಿ ಒಟ್ಟಿಗೆ ಇರಬಹುದೇ ಅನ್ನುವುದಕ್ಕಿಂತ, ಈಗಾಗಲೇ ಒಂದೇ ಅಧಿಕಾರದ ಕೆಳಗೆ ಇರುವ ಈ ಇಬ್ಬರೂ ಸಮಾನರಾಗಿ ಇರಬಹುದೇ ಅನ್ನುವುದು ಹೆಚ್ಚು ಸರಿಯಾದ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ. ಇರಬಹುದು ಅನ್ನುವುದೇ ನನ್ನ ನಂಬಿಕೆ. ಆದರೆ ಅದು 'ಒಬ್ಬರಿಗೆ ಒಂದು ಮತ' ಅಂತ ಸುಮ್ನೆ ಘೋಷಿಸಿಬಿಟ್ಟರೆ ಆಗುವ ಕೆಲಸ ಅಲ್ಲ.

ಹೈಫಾ ಕಂಡ ದಿನಗಳು

ಹೈಫಾ ಬಂದರಿನ ಹೆಸರು ಕನ್ನಡಿಗರಿಗೆ ಹೊಸದಲ್ಲ. 1918ರ ಸೆಪ್ಟೆಂಬರ್ 23ರಂದು ಆ ಊರನ್ನು ಒಟ್ಟೋಮನ್ ಸೈನ್ಯದಿಂದ ಬಿಡಿಸಿಕೊಂಡವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್‌ನ ಕುದುರೆ ಸವಾರರು ಇದ್ದರು, ಜೊತೆಗೆ ಜೋಧಪುರದವರು. ಆ ದಿನದ ನಂತರ ಬ್ರಿಟಿಷರ ಕೈಗೆ ಬಂದ ಹೈಫಾ ಮೂವತ್ತು ವರ್ಷ ನಡೆಸಿದ ಬಾಳು ನಮ್ಮ ಪ್ರಶ್ನೆಗೆ ತುಂಬಾ ಹತ್ತಿರದ್ದು.

ಅಲ್ಲಿ ನಗರಸಭೆ ಒಂದೇ ಇತ್ತು, ಯಹೂದಿಗಳು, ಅರಬರು (ಅಂದರೆ ಪ್ಯಾಲೆಸ್ತೀನಿಯರು) ಇಬ್ಬರೂ ಸೇರಿ ನಡೆಸುತ್ತಿದ್ದರು. ಹಸನ್ ಶುಕ್ರಿ ಅನ್ನುವ ಮುಸ್ಲಿಂ ಮೇಯರ್ 1940ರಲ್ಲಿ ತೀರಿಕೊಳ್ಳುವವರೆಗೂ ಆ ಕುರ್ಚಿಯಲ್ಲಿದ್ದರು. ಅವರ ನಂತರ ಬಂದವರು ಶಬ್ತಾಯ್ ಲೆವಿ, ಯಹೂದಿ. ರೈಲ್ವೆಯಲ್ಲಿ, ಬಂದರಿನಲ್ಲಿ, ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಎರಡೂ ಕಡೆಯ ಕಾರ್ಮಿಕರು ಒಟ್ಟಿಗೆ ದುಡಿಯುತ್ತಿದ್ದರು. ಕೂಲಿಗಾಗಿ ಒಟ್ಟಿಗೆ ಮುಷ್ಕರ ಹೂಡಿದ್ದೂ ಉಂಟು.

ಅದೇ ಕಾರ್ಖಾನೆಯ ಗೇಟಿನಲ್ಲಿ 1947ರ ಡಿಸೆಂಬರ್ 30ರಂದು, ಕೂಲಿ ಕೆಲಸಕ್ಕಾಗಿ ಕಾದು ನಿಂತಿದ್ದ ಅರಬರ ಗುಂಪಿನ ಮೇಲೆ ಇರ್ಗುನ್ ಎಂಬ ಯಹೂದಿ ಸಶಸ್ತ್ರ ಗುಂಪಿನವರು ಬಾಂಬ್ ಎಸೆದರು. ಆರು ಜನ ಸತ್ತರು. ಸ್ವಲ್ಪ ಹೊತ್ತಿನಲ್ಲೇ ಒಳಗಿದ್ದ ಅರಬ್ ಕಾರ್ಮಿಕರು ತಮ್ಮ ಜೊತೆ ದುಡಿಯುತ್ತಿದ್ದ 39 ಯಹೂದಿಗಳನ್ನು ಕೊಂದರು. ಮರುದಿನ ರಾತ್ರಿ ಯಹೂದಿ ಪಡೆ ಹಗನಾ ಪಕ್ಕದ ಬಲದ್ ಅಲ್-ಶೇಖ್ ಹಳ್ಳಿಗೆ ನುಗ್ಗಿ ಹತ್ತಾರು ಜನರನ್ನು ಕೊಂದಿತು. ಎರಡೇ ದಿನದಲ್ಲಿ ಇಷ್ಟೂ ನಡೆದುಹೋಯಿತು.

1948ರ ಏಪ್ರಿಲ್‌ನಲ್ಲಿ ಹಗನಾ ಹೈಫಾವನ್ನು ವಶಪಡಿಸಿಕೊಂಡಿತು. ಆಗ ಮೇಯರ್ ಲೆವಿ ಅರಬ್ ಮುಖಂಡರನ್ನು, ಊರು ಬಿಟ್ಟು ಹೋಗಬೇಡಿ ಅಂತ ಬೇಡಿಕೊಂಡರು. ಆದರೆ ಷೆಲ್ ಬೀಳುತ್ತಿದ್ದ ಮಾರುಕಟ್ಟೆಯಿಂದ ಬಂದರಿನ ಕಡೆ ಓಡುತ್ತಿದ್ದ ಜನರನ್ನು ತಡೆಯಲು ಆ ಮಾತು ಸಾಕಾಗಲಿಲ್ಲ. ಅರುವತ್ತು ಸಾವಿರಕ್ಕೂ ಜಾಸ್ತಿ ಇದ್ದ ಅರಬರಲ್ಲಿ ಉಳಿದವರು ಮೂರು ನಾಲ್ಕು ಸಾವಿರ. ಉಳಿದವರನ್ನೂ ಜುಲೈನಲ್ಲಿ ವಾದಿ ನಿಸ್ನಾಸ್ ಬಡಾವಣೆಗೆ ಸೇರಿಸಲಾಯಿತು. ಬಿಟ್ಟುಹೋದ ಮನೆಗಳು 1950ರ 'ಗೈರುಹಾಜರಿ ಆಸ್ತಿ' ಕಾನೂನಿನ ಕೆಳಗೆ ಸರ್ಕಾರದ ಪಾಲಾದವು. ಹೊಸದಾಗಿ ಬಂದ ಯಹೂದಿ ನಿರಾಶ್ರಿತರು ಅವುಗಳಲ್ಲಿ ಬಿಡಾರ ಹೂಡಿದರು. ಅವರಲ್ಲಿ ಯೂರೋಪಿನ ಹತ್ಯಾಕಾಂಡದಿಂದ ಪಾರಾದವರು ಎಷ್ಟೋ ಮಂದಿ ಇದ್ದರು. ಒಬ್ಬರ ನೋವಿನ ಮೇಲೆ ಇನ್ನೊಬ್ಬರ ನೋವು ಹೀಗೆ ಬಂದು ಕೂತಿದೆ. ಇದನ್ನು ಬಿಟ್ಟು ಈ ವಿಷಯ ಮಾತಾಡುವವರು ಯಾವ ಪಕ್ಷದವರಾದರೂ ನನಗೆ ನಂಬಿಕೆ ಬರುವುದಿಲ್ಲ.

ಹೈಫಾ ಇವತ್ತು? ಮತ್ತೆ ಕೂಡಿ ಬಾಳುವ ಊರು ಅಂತಲೇ ಹೆಸರು. ಅರಬರು ಹತ್ತರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ. ಅಲ್ಲಿನ ರಂಬಾಂ ಆಸ್ಪತ್ರೆಯಲ್ಲಿ ಯಹೂದಿ ಮತ್ತು ಅರಬ್ ವೈದ್ಯರು ಒಂದೇ ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ಇಡೀ ಇಸ್ರೇಲಿನಲ್ಲೇ ವೈದ್ಯರಲ್ಲಿ ಸುಮಾರು ಕಾಲು ಭಾಗ ಅರಬರು, ಫಾರ್ಮಸಿಸ್ಟುಗಳಲ್ಲಿ ಹೆಚ್ಚುಕಡಿಮೆ ಅರ್ಧ. ಈ ಎರಡು ಜನಾಂಗ ಹುಟ್ಟಾ ಶತ್ರುಗಳು, ಸಾವಿರಾರು ವರ್ಷದ ಹಗೆ ಇದು ಅನ್ನುವ ಮಾತು ಸುಳ್ಳು ಅಂತ ತಿಳಿಯಲು ಅಲ್ಲಿಗೆ ಹೋಗಿ ಒಂದು ಮಾತ್ರೆ ಕೊಂಡರೂ ಸಾಕು.

ಆದರೆ ಒಟ್ಟಿಗೆ ದುಡಿಯುವುದು ಬೇರೆ, ಸಮಾನತೆ ಬೇರೆ. ಇಸ್ರೇಲಿನ ಒಳಗೇ ಉಳಿದ ಅರಬರು ಪ್ರಜೆಗಳಾಗಿದ್ದರೂ 1966ರ ಕೊನೆಯವರೆಗೂ ಅವರಲ್ಲಿ ಬಹಳಷ್ಟು ಮಂದಿ ಸೇನಾಡಳಿತದ ಕೆಳಗೆ ಇದ್ದರು. ಪಕ್ಕದ ಊರಿಗೆ ಹೋಗಲೂ ಪರವಾನಗಿ ಬೇಕಿತ್ತು. 2018ರ ಜುಲೈನಲ್ಲಿ ಸಂಸತ್ತು 62-55 ಮತಗಳಿಂದ ಒಂದು ಮೂಲ ಕಾನೂನು, ಅಂದರೆ ಸಂವಿಧಾನದ ತೂಕದ ಕಾನೂನು, ಮಾಡಿತು. ಈ ದೇಶದಲ್ಲಿ ಸ್ವಯಂನಿರ್ಣಯದ ಹಕ್ಕು ಯಹೂದಿ ಜನರಿಗೆ ಮಾತ್ರ ಇದೆ ಅಂತ ಅದರಲ್ಲಿ ಬರೆದಿದೆ. ಅದುವರೆಗೆ ಅಧಿಕೃತ ಭಾಷೆಯಾಗಿದ್ದ ಅರಬ್ಬಿಗೆ ಬರೀ 'ವಿಶೇಷ ಸ್ಥಾನ' ಅಂತಾಯಿತು. ಐದರಲ್ಲಿ ಒಬ್ಬ ಪ್ರಜೆಗೆ ದೇಶದ ಮೂಲ ಕಾನೂನೇ 'ಇದು ನಿನ್ನದಲ್ಲ' ಅಂತ ಹೇಳಿದ ಹಾಗಾಯಿತು ಅಲ್ವಾ? ಸರ್ಕಾರಕ್ಕೆ ಆ ಕಾನೂನಿನಿಂದ ದಿನನಿತ್ಯದ ಯಾವ ಉಪಯೋಗ ಇತ್ತು ಅಂತ ನನಗಂತೂ ತಿಳಿಯಲಿಲ್ಲ. ನೋಯಿಸಿದ್ದು ಮಾತ್ರ ಖಂಡಿತ.

ಭಾರತ ಅಂದು ಹೇಳಿದ್ದು

ಒಂದೇ ದೇಶದ ಯೋಚನೆ ಹೊಸದೇನೂ ಅಲ್ಲ. 1925ರಲ್ಲಿ ಜೆರುಸಲೇಮಿನಲ್ಲಿ ಬ್ರಿತ್ ಶಾಲೋಮ್ ಅನ್ನುವ ಸಣ್ಣ ಯಹೂದಿ ಗುಂಪು ಇದನ್ನು ಹೇಳಿತು. ಹೀಬ್ರೂ ವಿಶ್ವವಿದ್ಯಾಲಯದ ಮುಖ್ಯಸ್ಥ ಜೂಡಾ ಮ್ಯಾಗ್ನೆಸ್, ತತ್ವಜ್ಞಾನಿ ಮಾರ್ಟಿನ್ ಬೂಬರ್ ಮುಂತಾದವರು 1942ರಲ್ಲಿ ಇಹೂದ್ ಅನ್ನುವ ಸಂಘ ಕಟ್ಟಿ ಅದನ್ನು ಮುಂದುವರಿಸಿದರು. ಎರಡು ಜನಾಂಗ, ಒಂದು ರಾಜ್ಯ, ಯಾರೂ ಯಾರನ್ನೂ ಆಳಬಾರದು ಅನ್ನುವುದು ಅವರ ಮಾತಿನ ಸಾರ. ಅವರಿಗೆ ಅರಬರ ಕಡೆಯಿಂದ ಕೈ ಚಾಚಿದವರು ಬಹಳ ಕಮ್ಮಿ. ಅಂಥ ಒಬ್ಬರು ಫೌಜಿ ದರ್ವೇಶ್ ಅಲ್-ಹುಸೇನಿ. 1946ರ ನವೆಂಬರ್‌ನಲ್ಲಿ ಯಹೂದಿ ಸಂಘಟನೆಯೊಂದರ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ತಿಂಗಳು ಅವರನ್ನು ಗುಂಡಿಟ್ಟು ಕೊಂದರು, ಕೊಂದವರು ಅರಬ್ ರಾಷ್ಟ್ರವಾದಿಗಳು.

ಮರುವರ್ಷ ವಿಶ್ವಸಂಸ್ಥೆ 11 ದೇಶಗಳ ಸಮಿತಿಯೊಂದನ್ನು ಪ್ಯಾಲೆಸ್ತೀನಿಗೆ ಕಳಿಸಿತು. ಅದರಲ್ಲಿ ಭಾರತವೂ ಇತ್ತು. ನಮ್ಮ ಪ್ರತಿನಿಧಿ ಲಾಹೋರ್ ಹೈಕೋರ್ಟಿನ ನ್ಯಾಯಾಧೀಶ ಸರ್ ಅಬ್ದುರ್ ರಹಮಾನ್. ಏಳು ದೇಶಗಳು ನೆಲವನ್ನು ಎರಡು ಭಾಗ ಮಾಡಿ ಅಂದವು. ಭಾರತ, ಇರಾನ್, ಯುಗೊಸ್ಲಾವಿಯಾ ಮೂರು ಸೇರಿ ಬೇರೆ ಯೋಜನೆ ಕೊಟ್ಟವು. ಒಂದೇ ಒಕ್ಕೂಟ ದೇಶ, ಅದರೊಳಗೆ ಒಂದು ಅರಬ್ ರಾಜ್ಯ, ಒಂದು ಯಹೂದಿ ರಾಜ್ಯ, ಜೆರುಸಲೇಂ ರಾಜಧಾನಿ. ಸಂಸತ್ತಿಗೆ ಎರಡು ಸದನ. ಒಂದರಲ್ಲಿ ಜನಸಂಖ್ಯೆಗೆ ತಕ್ಕ ಪ್ರಾತಿನಿಧ್ಯ, ಇನ್ನೊಂದರಲ್ಲಿ ಇಬ್ಬರಿಗೂ ಸಮಪಾಲು.

ಆ ಯೋಜನೆಯನ್ನು ಇಂದು ಓದಿದರೆ ಎಷ್ಟು ಮುಂದಾಲೋಚನೆ ಇತ್ತು ಅನ್ನಿಸುತ್ತದೆ. ಆದರೆ ಅಂದು ಯಾರಿಗೂ ಬೇಡವಾಯಿತು. ಆರು ಲಕ್ಷದಷ್ಟಿದ್ದ ಯಹೂದಿಗಳಿಗೆ, ಹಿಟ್ಲರನ ಕೈಯಿಂದ ಅರುವತ್ತು ಲಕ್ಷ ಜನರನ್ನು ಕಳೆದುಕೊಂಡ ಮೇಲೆ, ತಮ್ಮದೇ ಸೇನೆ ಇರುವ ತಮ್ಮದೇ ದೇಶ ಬೇಕಿತ್ತು. ಹನ್ನೆರಡು ಲಕ್ಷಕ್ಕೂ ಹೆಚ್ಚಿದ್ದ ಅರಬರಿಗೆ, ತಮ್ಮ ನೆಲದಲ್ಲಿ ಇತ್ತೀಚೆಗೆ ಬಂದವರ ಜೊತೆ ಯಾಕೆ ಪಾಲು ಹಂಚಿಕೊಳ್ಳಬೇಕು ಅನ್ನುವ ಪ್ರಶ್ನೆ. 1947ರ ನವೆಂಬರ್ 29ರಂದು ಮಹಾಸಭೆ 33-13 ಮತಗಳಿಂದ ವಿಭಜನೆಯನ್ನು ಒಪ್ಪಿತು. ಅರ್ಧಕ್ಕಿಂತ ಹೆಚ್ಚು ನೆಲ, ಸುಮಾರು 55 ಶೇಕಡಾ, ಯಹೂದಿ ದೇಶಕ್ಕೆ. ಭಾರತ ವಿರುದ್ಧ ಮತ ಹಾಕಿತು. ಮೂರೂವರೆ ತಿಂಗಳ ಹಿಂದಷ್ಟೇ ತಾನೇ ವಿಭಜನೆಯಾಗಿ, ಪಂಜಾಬಿನ ರಕ್ತಪಾತ ಕಣ್ಣ ಮುಂದಿದ್ದ ದೇಶ ಹಾಗೆ ಮಾಡಿದ್ದರಲ್ಲಿ ಅಚ್ಚರಿ ಇಲ್ಲ. ಮುಂದಿನ ಯುದ್ಧದಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆ ಕಳೆದುಕೊಂಡರು. ಆಮೇಲಿನ ವರ್ಷಗಳಲ್ಲಿ ಇರಾಕ್, ಯೆಮೆನ್, ಈಜಿಪ್ಟ್, ಮೊರಾಕೊಗಳಂಥ ದೇಶಗಳಿಂದ ಲಕ್ಷಗಟ್ಟಲೆ ಯಹೂದಿಗಳು ಇಸ್ರೇಲಿಗೆ ಬಂದರು, ಅವರಲ್ಲೂ ಬಹಳ ಜನ ಎಲ್ಲ ಕಳೆದುಕೊಂಡು ಬಂದವರು.

ಎರಡು ದೇಶದ ದಾರಿ ಯಾಕೆ ಕಿರಿದಾಯಿತು

ಇಸ್ರೇಲ್ ಮತ್ತು ಪ್ಯಾಲೆಸ್ತೀನಿ ಮುಖಂಡರ ನಡುವೆ ಆದ 1993ರ ಓಸ್ಲೋ ಒಪ್ಪಂದದ ನಂತರ ಎರಡು ದೇಶ ಆಗೇ ಆಗುತ್ತದೆ ಅಂತ ಜಗತ್ತು ನಂಬಿತ್ತು. ಆಗ ಪಶ್ಚಿಮ ದಂಡೆಯನ್ನು ಮೂರು ವಲಯ ಮಾಡಿದರು. ಸುಮಾರು 60 ಶೇಕಡಾ ನೆಲ 'ಸಿ' ವಲಯ, ಪೂರ್ತಿ ಇಸ್ರೇಲಿನ ಹಿಡಿತದಲ್ಲಿ. ಐದು ವರ್ಷದ ತಾತ್ಕಾಲಿಕ ವ್ಯವಸ್ಥೆ ಅಂದಿದ್ದರು, ಅದು ಇಂದಿಗೂ ಹಾಗೇ ಇದೆ. ಆಗ ಒಂದು ಲಕ್ಷದ ಆಸುಪಾಸಿನಲ್ಲಿದ್ದ ಪಶ್ಚಿಮ ದಂಡೆಯ ವಸಾಹತುಗಾರರು ಇಂದು ಸುಮಾರು ಐದು ಲಕ್ಷ. ಪೂರ್ವ ಜೆರುಸಲೇಮಿನಲ್ಲಿ ಇನ್ನೂ ಎರಡು ಲಕ್ಷಕ್ಕೂ ಜಾಸ್ತಿ. 2000ದ ಕ್ಯಾಂಪ್ ಡೇವಿಡ್, 2001ರ ತಾಬಾ, 2008ರಲ್ಲಿ ಇಸ್ರೇಲ್ ಪ್ರಧಾನಿ ಓಲ್ಮರ್ಟ್ ಮತ್ತು ಪ್ಯಾಲೆಸ್ತೀನಿ ಅಧ್ಯಕ್ಷ ಅಬ್ಬಾಸ್ ನಡೆಸಿದ ಮಾತುಕತೆ ಎಲ್ಲವೂ ಮುರಿದವು. 2024ರ ಜುಲೈನಲ್ಲಿ ಇಸ್ರೇಲಿನ ಸಂಸತ್ತು 68-9 ಮತಗಳಿಂದ ಪ್ಯಾಲೆಸ್ತೀನ್ ದೇಶವೇ ಬೇಡ ಅಂತ ನಿರ್ಣಯ ಮಾಡಿತು. ಮರುದಿನವೇ ಅಂತರರಾಷ್ಟ್ರೀಯ ನ್ಯಾಯಾಲಯ, 1967ರಲ್ಲಿ ಹಿಡಿದ ನೆಲದಲ್ಲಿ ಇಸ್ರೇಲ್ ಮುಂದುವರಿದಿರುವುದೇ ಕಾನೂನುಬಾಹಿರ ಅಂತ ಸಲಹಾ ಅಭಿಪ್ರಾಯ ಕೊಟ್ಟಿತು.

ಒಂದು ದೇಶದ ಮಾತು ಮತ್ತೆ ಎದ್ದಿರುವುದು ಇದಕ್ಕೇ. ಏಳು ಲಕ್ಷ ವಸಾಹತುಗಾರರನ್ನು ಎಬ್ಬಿಸಿ ಗಡಿ ಎಳೆಯುವವರು ಯಾರು? ಅದು ಆಗದಿದ್ದರೆ ಉಳಿಯುವುದು ಒಂದೇ ದೇಶ. ಆದರೆ ಈ ಮಾತಾಡುವವರೆಲ್ಲ ಒಂದೇ ಗುಂಪಿನವರಲ್ಲ, ಇಲ್ಲಿ ಹುಷಾರಾಗಿರಬೇಕು. ಬಲಪಂಥೀಯ ಲಿಕುಡ್ ಪಕ್ಷದಿಂದ ಬಂದು ರಾಷ್ಟ್ರಾಧ್ಯಕ್ಷರಾದ ರೂವೆನ್ ರಿವ್ಲಿನ್, ನೆಲ ಹಂಚುವುದಕ್ಕಿಂತ ಪಶ್ಚಿಮ ದಂಡೆಯವರಿಗೆ ಪೌರತ್ವ ಕೊಡುವುದೇ ಮೇಲು ಅಂದಿದ್ದರು. ಈಗಿನ ಬಲಪಂಥದ ಬೆಜಲೆಲ್ ಸ್ಮೋಟ್ರಿಚ್ 2017ರಲ್ಲಿ ಮುಂದಿಟ್ಟ ಯೋಜನೆ ಬೇರೆಯೇ. ನೆಲವೆಲ್ಲ ಇಸ್ರೇಲಿನದು, ಸ್ವಂತ ದೇಶದ ಆಸೆ ಬಿಟ್ಟ ಪ್ಯಾಲೆಸ್ತೀನಿಯರು ಸಂಸತ್ತಿನ ಮತವಿಲ್ಲದೆ ಇರಬಹುದು, ಬಿಡದವರು ಹೊರಡಬಹುದು. ಅದನ್ನು ಒಂದೇ ದೇಶ ಅನ್ನಬಹುದು, ಕೂಡಿ ಬಾಳುವ ದೇಶ ಅನ್ನಲಾಗದು. ಅತ್ತ ಪ್ಯಾಲೆಸ್ತೀನಿ ಸಶಸ್ತ್ರ ಇಸ್ಲಾಮಿ ಸಂಘಟನೆ ಹಮಾಸ್ ಕೇಳುವ ಒಂದೇ ದೇಶದಲ್ಲೂ ಯಹೂದಿಗಳಿಗೆ ಒಂದು ಜನಾಂಗವಾಗಿ ಜಾಗವಿಲ್ಲ.

2023ರ ಅಕ್ಟೋಬರ್ 7ರ ಬಗ್ಗೆ ಹೇಳದೆ ಮುಂದೆ ಹೋಗಲು ಆಗದು. ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, 251 ಜನ ಒತ್ತೆಯಾಳಾದರು. ಗಡಿಯ ಸಹಕಾರಿ ಕೃಷಿ ಹಳ್ಳಿಗಳಾದ ಕಿಬುತ್ಸ್‌ಗಳಲ್ಲಿ ಸತ್ತವರಲ್ಲಿ ಗಾಜಾದ ರೋಗಿಗಳನ್ನು ತಮ್ಮ ಕಾರಿನಲ್ಲಿ ಇಸ್ರೇಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಶಾಂತಿ ಕಾರ್ಯಕರ್ತರೂ ಇದ್ದರು. ನಂತರದ ಎರಡು ವರ್ಷಗಳ ಯುದ್ಧದಲ್ಲಿ, 2025ರ ಅಕ್ಟೋಬರ್‌ನಲ್ಲಿ ಕದನವಿರಾಮ ಆಗುವ ಹೊತ್ತಿಗೆ, ಗಾಜಾದ ಆರೋಗ್ಯ ಇಲಾಖೆಯ ಲೆಕ್ಕದಂತೆ 67,000ಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಸತ್ತಿದ್ದರು. ಅವರಲ್ಲಿ ಸಾವಿರಾರು ಮಕ್ಕಳು. ಗಾಜಾದ ಹೆಚ್ಚುಕಡಿಮೆ ಎಲ್ಲರೂ ಮನೆ ಬಿಟ್ಟು ಓಡಿದ್ದರು. ಇಂಥದ್ದಾದ ಮೇಲೂ ಒಟ್ಟಿಗೆ ಬಾಳುವ ಮಾತಾಡುತ್ತೀರಾ ಅಂತ ಯಾರಾದರೂ ಕೇಳಿದರೆ, ಆ ಕೋಪ ನನಗೆ ಅರ್ಥವಾಗುತ್ತದೆ. ಆದರೆ ಆ ಒಂದೂವರೆ ಕೋಟಿಯಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲವಲ್ಲ. ಗೋಡೆ ಎಷ್ಟು ಎತ್ತರ ಕಟ್ಟಿದರೂ ಅಕ್ಟೋಬರ್ 7 ತಪ್ಪಲಿಲ್ಲ. ಗಾಜಾವನ್ನು ನೆಲಸಮ ಮಾಡಿದರೂ ಪ್ಯಾಲೆಸ್ತೀನಿಯರ ಪ್ರಶ್ನೆ ಮುಗಿಯಲಿಲ್ಲ.

ಬೇರೆಡೆ ನಡೆದದ್ದು

ದಕ್ಷಿಣ ಆಫ್ರಿಕಾದಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು ಅಂತ ಬಹಳ ಜನ ಕೇಳುತ್ತಾರೆ. ಎರಡು ಕಾನೂನಿನ ವಿಷಯದಲ್ಲಿ ಹೋಲಿಕೆ ಸರಿ. ಪರಿಹಾರದ ವಿಷಯಕ್ಕೆ ಬಂದರೆ ಅಷ್ಟು ಸರಿ ಕೂರುವುದಿಲ್ಲ. ಅಲ್ಲಿ 1994ರಲ್ಲಿ ಬಿಳಿಯರು ಏಳು ಎಂಟು ಜನರಲ್ಲಿ ಒಬ್ಬರು. ಗಣಿ, ತೋಟ, ಕಾರ್ಖಾನೆ ಎಲ್ಲ ಕರಿಯರ ದುಡಿಮೆಯ ಮೇಲೆ ನಿಂತಿತ್ತು. ಮಂಡೇಲಾ ಅವರ ಪಕ್ಷ ಕೇಳಿದ್ದೂ ಒಂದೇ ದೇಶವನ್ನು. ಇಲ್ಲಿ ಎರಡು ಕಡೆಯವರ ಸಂಖ್ಯೆ ಸಮ. ಎರಡೂ ಕಡೆ ನಡೆದ ಚಳವಳಿ ಸ್ವಂತ ದೇಶಕ್ಕಾಗಿ. 1969ರ ಹೊತ್ತಿಗೆ ಪ್ಯಾಲೆಸ್ತೀನಿ ಚಳವಳಿಯ ಮುಖ್ಯ ಸಂಘಟನೆ ಫತಾ 'ಮುಸ್ಲಿಮರು, ಕ್ರೈಸ್ತರು, ಯಹೂದಿಗಳು ಸಮಾನರಾದ ಪ್ರಜಾಪ್ರಭುತ್ವ ದೇಶ' ಅಂದಿದ್ದು ನಿಜ. ಆದರೆ ಅಲ್ಲಿ ಯಹೂದಿಗಳು ಒಂದು ಧರ್ಮದವರು ಅಷ್ಟೇ, ಒಂದು ಜನಾಂಗ ಅಲ್ಲ. 1988ರಲ್ಲಿ ಪ್ಯಾಲೆಸ್ತೀನಿ ಸಂಘಟನೆಗಳ ಒಕ್ಕೂಟ ಪಿಎಲ್‌ಒ ಕೂಡ ಎರಡು ದೇಶದ ದಾರಿಗೇ ಬಂತು.

ಲೆಬನಾನ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಂಗಡವಾರು ಕುರ್ಚಿ ಹಂಚಿಕೊಂಡು, 1932ರಿಂದ ಜನಗಣತಿಯನ್ನೇ ಮಾಡದ ದೇಶ. ಬೋಸ್ನಿಯಾದ ಪಾಠ ಜಾಸ್ತಿ ಮುಖ್ಯ. 1995ರ ಒಪ್ಪಂದ ಅಲ್ಲಿ ಯುದ್ಧ ನಿಲ್ಲಿಸಿತು. ಅಧ್ಯಕ್ಷ ಪೀಠವನ್ನು ಬೋಸ್ನಿಯಾಕ್, ಸರ್ಬ್, ಕ್ರೊವಾಟ್ ಮೂವರಿಗೆ ಹಂಚಿತು. ಯಾಕೊಬ್ ಫಿನ್ಸಿ ಅನ್ನುವ ಯಹೂದಿ ಮುಖಂಡರು ಅಧ್ಯಕ್ಷ ಪೀಠಕ್ಕೆ ಸ್ಪರ್ಧಿಸುವಂತಿರಲಿಲ್ಲ, ಮೂರರಲ್ಲಿ ಯಾವುದಕ್ಕೂ ಸೇರದವರು ಅನ್ನುವ ಒಂದೇ ಕಾರಣಕ್ಕೆ. ರೋಮಾ ಸಮುದಾಯದ ಇನ್ನೊಬ್ಬರ ಜೊತೆ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2009ರಲ್ಲಿ ಗೆದ್ದರು. ಸಂವಿಧಾನ ಆಮೇಲೂ ಬದಲಾಗಲಿಲ್ಲ. ಇಸ್ರೇಲ್-ಪ್ಯಾಲೆಸ್ತೀನ್‌ನಲ್ಲಿ ಕುರ್ಚಿಯನ್ನು ಇಬ್ಬರ ಲೆಕ್ಕದಲ್ಲಿ ಹಂಚಿಬಿಟ್ಟರೆ ಅರಬ್ಬಿ ಮಾತಾಡುವ, ಬೇರೆಯೇ ಧರ್ಮದ ಸಣ್ಣ ಸಮುದಾಯ ದ್ರೂಜ್‌ಗಳು ಎಲ್ಲಿಗೆ ಹೋಗಬೇಕು? ರಷ್ಯಾದಿಂದ ಬಂದ, ಧರ್ಮದ ಲೆಕ್ಕದಲ್ಲಿ ಯಹೂದಿಗಳಲ್ಲದ ಲಕ್ಷಾಂತರ ಪ್ರಜೆಗಳು? ಈಗಲೇ ಅಲ್ಲಿ ಮದುವೆ ಧಾರ್ಮಿಕ ನ್ಯಾಯಾಲಯಗಳ ಕೈಯಲ್ಲಿದೆ. ಯಹೂದಿಯೊಬ್ಬರು ಮುಸ್ಲಿಮರನ್ನು ಮದುವೆಯಾಗಬೇಕಾದರೆ ಸಾಮಾನ್ಯವಾಗಿ ಸೈಪ್ರಸ್ಸಿಗೋ ಬೇರೆಲ್ಲಿಗೋ ಹೋಗಿ ಬರುತ್ತಾರೆ. ಗುಂಪಿನ ಹಕ್ಕು ಬೇಕು, ಆದರೆ ಗುಂಪಿನ ಹೊರಗೆ ನಿಂತವನಿಗೂ ಬಾಗಿಲು ಬೇಕು.

ಹಾಗಾಗಿ ನನಗೆ ಹೆಚ್ಚು ಹಿಡಿಸುವುದು ನಡುದಾರಿಯ ಒಂದು ಯೋಜನೆ. 'ಎಲ್ಲರಿಗೂ ಸೇರಿದ ನಾಡು' ಅನ್ನುವ ಇಸ್ರೇಲಿ-ಪ್ಯಾಲೆಸ್ತೀನಿ ಜಂಟಿ ಸಂಘಟನೆ 2012ರಿಂದ ಇದನ್ನು ಮುಂದಿಡುತ್ತಿದೆ. ಎರಡು ದೇಶ, 1967ರ ಗಡಿ, ಆದರೆ ಗಡಿ ತೆರೆದದ್ದು. ಪೌರತ್ವ ಒಂದು ಕಡೆ, ವಾಸ ಇನ್ನೊಂದು ಕಡೆ ಇರಬಹುದು. ಅಂದರೆ ವಸಾಹತುಗಾರರು ಇಸ್ರೇಲಿ ಪ್ರಜೆಗಳಾಗಿಯೇ ಪ್ಯಾಲೆಸ್ತೀನ್ ದೇಶದಲ್ಲಿ ಅಲ್ಲಿನ ಕಾನೂನಿಗೆ ಬಾಗಿ ಇರಬಹುದು. ಹೈಫಾದಿಂದ ಓಡಿದವರ ಮೊಮ್ಮಗಳು ಪ್ಯಾಲೆಸ್ತೀನಿ ಪ್ರಜೆಯಾಗಿ ಹೈಫಾದಲ್ಲಿ ಬಾಡಿಗೆ ಮನೆ ಹಿಡಿಯಬಹುದು. ಎಷ್ಟು ಜನ, ಯಾವ ವೇಗದಲ್ಲಿ ಅನ್ನುವುದನ್ನು ಇಬ್ಬರೂ ಕೂತು ಒಪ್ಪಿಕೊಳ್ಳಬೇಕು. ಜೆರುಸಲೇಂ ಒಡೆಯದೆ ಇಬ್ಬರ ರಾಜಧಾನಿ. ಅಂದು ಭಾರತ ಸಹಿ ಹಾಕಿದ ಯೋಜನೆಯ ನೆನಪು ಬಾರದೆ ಇರದು.

ಇದರಲ್ಲಿ ಎರಡು ಜನಾಂಗಕ್ಕೂ ಅವರವರ ಧ್ವಜ, ಭಾಷೆ, ಸಂಸತ್ತು ಉಳಿಯುತ್ತದೆ. ಯಹೂದಿಗಳಿಗೆ 'ನಾಳೆ ನಾವು ಅಲ್ಪಸಂಖ್ಯಾತರಾದರೆ ಗತಿ ಏನು' ಅನ್ನುವ ಭಯ ಕಮ್ಮಿಯಾಗುತ್ತದೆ. ಆ ಭಯವನ್ನು ನೆಪ ಅಂತ ತಳ್ಳಿಹಾಕುವವರಿದ್ದಾರೆ. ಯೂರೋಪಿನಲ್ಲಿ, ಬಾಗ್ದಾದಿನಲ್ಲಿ ಅಲ್ಪಸಂಖ್ಯಾತರಾಗಿ ಅವರು ಅನುಭವಿಸಿದ್ದನ್ನು ಓದಿದವರು ಹಾಗೆ ಹೇಳಲಾರರು. ಪ್ಯಾಲೆಸ್ತೀನಿಯರಿಗೆ ಸಿಗುವುದು ಬರೀ ಧ್ವಜವಲ್ಲ, ಇಡೀ ನಾಡಿನಲ್ಲಿ ಓಡಾಡುವ ಹಕ್ಕು. ಈಗಲೇ ಇದಕ್ಕೆ ಬಹುಮತ ಇದೆಯೇ? ಇಲ್ಲ. ಸಮೀಕ್ಷೆಗಳಲ್ಲಿ ಸಮಾನ ಹಕ್ಕಿನ ಒಂದೇ ದೇಶಕ್ಕೂ, ಒಕ್ಕೂಟಕ್ಕೂ ಎರಡೂ ಕಡೆ ಬೆಂಬಲಿಗರು ಅಲ್ಪಸಂಖ್ಯಾತರೇ.

ಕಷ್ಟ ಎಲ್ಲಿದೆ ಅಂತ ಹತ್ತಿರದಿಂದ ನೋಡಬೇಕಾದರೆ 'ಹ್ಯಾಂಡ್ ಇನ್ ಹ್ಯಾಂಡ್' ಶಾಲೆಗಳನ್ನು ನೋಡಬೇಕು. ಇಸ್ರೇಲಿನಲ್ಲಿ ಹೀಬ್ರೂ ಶಾಲೆ ಬೇರೆ, ಅರಬ್ಬಿ ಶಾಲೆ ಬೇರೆ. ಇವು ಮಾತ್ರ ಎರಡೂ ಸೇರಿದ ಬೆರಳೆಣಿಕೆಯ ಶಾಲೆಗಳು. ತರಗತಿಯಲ್ಲಿ ಇಬ್ಬರು ಶಿಕ್ಷಕರು, ಒಬ್ಬರು ಹೀಬ್ರೂವಿನಲ್ಲಿ, ಒಬ್ಬರು ಅರಬ್ಬಿಯಲ್ಲಿ. ಮೇ ತಿಂಗಳು ಬಂತೆಂದರೆ ಶಿಕ್ಷಕರಿಗೆ ಪರೀಕ್ಷೆ. 1948ರಲ್ಲಿ ಇಸ್ರೇಲ್ ಹುಟ್ಟಿದ್ದು ಒಂದು ಮಗುವಿನ ಮನೆಯಲ್ಲಿ ಹಬ್ಬ, ಇನ್ನೊಂದು ಮಗುವಿನ ಮನೆಯಲ್ಲಿ ನಕ್ಬಾ, ಅಂದರೆ ಮಹಾದುರಂತ. ಎರಡನ್ನೂ ಅದೇ ಮಕ್ಕಳ ಮುಂದೆ ಹೇಳುತ್ತಾರೆ, ಯಾವುದನ್ನೂ ಮುಚ್ಚಿಡದೆ. 2014ರ ನವೆಂಬರ್‌ನಲ್ಲಿ ಜೆರುಸಲೇಮಿನ ಶಾಲೆಯ ಒಂದನೇ ತರಗತಿಯ ಕೋಣೆಗೆ ಯಹೂದಿ ತೀವ್ರವಾದಿಗಳು ಬೆಂಕಿ ಹಚ್ಚಿದರು. ಆದರೂ ಶಾಲೆ ನಡೆಯುತ್ತಿದೆ.

ಯೋಜನೆಗಳಲ್ಲಿ ಎಲ್ಲರೂ ಬೇಗ ದಾಟಿಹೋಗುವ ಪ್ರಶ್ನೆ ಒಂದಿದೆ: ಬಂದೂಕು ಯಾರ ಕೈಯಲ್ಲಿರಬೇಕು? ಧ್ವಜ, ಸಂಸತ್ತು, ರಾಜಧಾನಿಗಿಂತ ಇದು ಮೊದಲು ಅನ್ನುತ್ತೇನೆ. 2021ರ ಮೇ ತಿಂಗಳ ಗಲಭೆಯಲ್ಲಿ ಎರಡೂ ಜನಾಂಗದವರು ಇರುವ ಲೋದ್ ಊರಿನಲ್ಲಿ ಒಬ್ಬ ಅರಬ್ ಪ್ರಜೆ ಗುಂಡಿಗೆ ಬಲಿಯಾದರು. ಮರುದಿನ ಯಹೂದಿಯೊಬ್ಬರ ತಲೆಗೆ ಕಲ್ಲು ಬಿದ್ದು, ಕೆಲವು ದಿನಗಳ ನಂತರ ತೀರಿಕೊಂಡರು. ಅವರ ಮನೆಯವರು ಅಂಗದಾನ ಮಾಡಿದರು. ಒಂದು ಮೂತ್ರಪಿಂಡ ಜೆರುಸಲೇಮಿನ ಅರಬ್ ಮಹಿಳೆಗೆ ಹೋಯಿತು. ಇಂಥ ಜನರಿರುವ ಕಡೆ ಒಟ್ಟಿಗೆ ಬಾಳಲು ಆಗದು ಅಂತ ನಾನು ಹೇಳಲಾರೆ. ಅಲ್ಲಿ ಕೊರತೆ ಇದ್ದದ್ದು ಇಬ್ಬರೂ ನಂಬುವ ಪೊಲೀಸರದ್ದು. ಅರಬ್ ಊರುಗಳ ಒಳಗೇ 2023ರಲ್ಲಿ 200ಕ್ಕೂ ಹೆಚ್ಚು ಕೊಲೆಗಳಾದವು, ಹೆಚ್ಚಿನವು ಪತ್ತೆಯೇ ಆಗಲಿಲ್ಲ. ಪೊಲೀಸರು ನಮ್ಮನ್ನು ಕಾಯುವುದಿಲ್ಲ, ಬರೀ ಅನುಮಾನದಿಂದ ನೋಡುತ್ತಾರೆ ಅನ್ನುವುದು ಅಲ್ಲಿನವರ ವರ್ಷಗಳ ದೂರು.

ಉತ್ತರ ಐರ್ಲೆಂಡ್‌ನಲ್ಲಿ ಕ್ಯಾಥೊಲಿಕ್ಕರು ಮತ್ತು ಪ್ರಾಟೆಸ್ಟೆಂಟರ ನಡುವಿನ ಕದನ ನಿಲ್ಲಿಸಿದ 1998ರ ಒಪ್ಪಂದದ ನಂತರ ಮಾಡಿದ ಗಟ್ಟಿ ಕೆಲಸ ಇದೇ. ಹಳೆಯ ಪೊಲೀಸ್ ಪಡೆಯಲ್ಲಿ ಕ್ಯಾಥೊಲಿಕ್ಕರು ನೂರಕ್ಕೆ ಎಂಟು ಜನರಷ್ಟು ಮಾತ್ರ ಇದ್ದರು. 2001ರಲ್ಲಿ ಹೊಸ ಹೆಸರು, ಹೊಸ ಲಾಂಛನದ ಪಡೆ ಬಂತು. ಹತ್ತು ವರ್ಷ, ಹೊಸದಾಗಿ ಸೇರಿಸಿಕೊಳ್ಳುವ ಪ್ರತಿ ಇಬ್ಬರಲ್ಲಿ ಒಬ್ಬರು ಕ್ಯಾಥೊಲಿಕ್ ಇರಲೇಬೇಕು ಅನ್ನುವ ನಿಯಮ ನಡೆಸಿದರು. ಅವರ ಪಾಲು ಮೂವತ್ತರ ಹತ್ತಿರ ಬಂತು. ಸರ್ಕಾರ ಆಮೇಲೂ ಎಷ್ಟೋ ಸಲ ಬಿತ್ತು, ಯುದ್ಧ ಮಾತ್ರ ಮರಳಲಿಲ್ಲ. ಲೋದ್, ಆಕ್ರೆ, ಹೈಫಾಗಳಲ್ಲಿ ಇಂಥದ್ದನ್ನು ಶುರುಮಾಡಲು ಯಾವ ಶಾಂತಿ ಒಪ್ಪಂದವೂ ಬೇಕಿಲ್ಲ, ಯಾವ ಗಡಿಯೂ ಬದಲಾಗಬೇಕಿಲ್ಲ. ಅಲ್ಲಿನ ಯಹೂದಿಗಳೂ ಅರಬರೂ ಇಬ್ಬರೂ ಇವತ್ತಿಗೇ ಪ್ರಜೆಗಳು, ಇಬ್ಬರೂ ತೆರಿಗೆ ಕಟ್ಟುತ್ತಾರೆ, ಇಬ್ಬರಿಗೂ ರಾತ್ರಿ ಕರೆ ಮಾಡಿದರೆ ಬರುವ ಪೊಲೀಸರು ಬೇಕು.